ಪುಲಿಕೇಶಿಗೆ ರೋಮಿನ ಅಂಗಿ

ಮೊನ್ನೆ ಬಾಗಲಕೋಟೆಯಲ್ಲಿ, ನಮ್ಮ ಓಣಿಯ ಸರ್ಕಲ್‌ನಲ್ಲಿ, ಇಮ್ಮಡಿ ಪುಲಿಕೇಶಿ ಎದ್ದು ನಿಂತ. ಹದಿನೆಂಟು ಅಡಿಯ ಫ್ಲೆಕ್ಸ್. ಎದೆಗೆ ಉಕ್ಕಿನ ಕವಚ, ಆ ಕವಚಕ್ಕೂ ಸಿಕ್ಸ್ ಪ್ಯಾಕ್. ಸೊಂಟದಿಂದ ತೊಗಲಿನ ಪಟ್ಟಿಗಳು ಜೋತಾಡುವ ಲಂಗ. ತಲೆಗೆ ಕೆಂಪು ಜುಟ್ಟಿನ ಶಿರಸ್ತ್ರಾಣ. ಪಕ್ಕಾ ರೋಮಿನ ಸಿಪಾಯಿ. ಹಣೆಗೆ ಕುಂಕುಮ ಇಟ್ಟಿದ್ದಕ್ಕೆ ನಮ್ಮವ ಅಂತ ಗೊತ್ತಾಯಿತು.

ಅದಾದರೂ ಇರಲಿ. ಬೆನ್ನ ಹಿಂದೆ ಒಂದು ತೋಪು. ಆನೆಯನ್ನು ಜಗಿಯುವ ಸಿಂಹದ ಬಾಯಿ ನೋಡಿದ ಕೂಡಲೇ ಗುರುತು ಸಿಕ್ಕಿತು. ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್! ಅದನ್ನು ಎರಕ ಹೊಯ್ದದ್ದು 1549ರಲ್ಲಿ. ಪುಲಿಕೇಶಿ ಹರ್ಷನನ್ನು ಸೋಲಿಸಿದ ಸುದ್ದಿ 634ರ ಐಹೊಳೆ ಶಾಸನದಲ್ಲೇ ಇದೆ. ಅಂದರೆ ತೋಪು ಒಂಬೈನೂರು ವರ್ಷ ಮೊದಲೇ ಡ್ಯೂಟಿಗೆ ಹಾಜರು. ಸುಮಾರು 55 ಟನ್ ತೂಕದ್ದು. ಎರಡು ಬಿಳಿ ಕುದುರೆ ಅದನ್ನು ಸುಮ್ನೆ ಎಳೆದುಕೊಂಡು ಹೊರಟಿದ್ದವು.

ಫ್ಲೆಕ್ಸ್ ಅಂಗಡಿಗೆ ಹೋದೆ. ಹುಡುಗ ನಗುತ್ತಲೇ ಹೇಳಿದ, ‘ಕಂಪ್ಯೂಟರ್‌ಗೆ ರಾಜಾ, ಯುದ್ಧ, ಕವಚ ಅಂತ ಹೇಳಿದ್ನಿ ಸರ್. ಅದ ಕೊಡ್ತು.’

‘ಅಲ್ಲಪ್ಪಾ, ಆ ಕಾಲದಾಗ ತೋಪು ಎಲ್ಲಿತ್ತು? ಐಹೊಳೆ ಶಾಸನದಾಗ ಕವಿ ರವಿಕೀರ್ತಿ ಹರ್ಷನ ಆನಿ ಬಿದ್ದಾವಂತ ಬರದಾನ.’

‘ಮತ್ತ ಇಲ್ಲೂ ಆನಿ ಐತಲ್ರೀ, ತೋಪಿನ ಬಾಯಾಗ!’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊಬೈಲ್ ತೆಗೆದು ಬಾದಾಮಿಯ ಮೂರನೇ ಗುಹೆಯ ಫೋಟೋ ತೋರಿಸಿದೆ. ಇಲ್ಲಿಂದ ತಾಸಿನ ದಾರಿ ಅಷ್ಟೇ. 578ರಲ್ಲಿ ಮುಗಿದ ಕೆಲಸ. ಎತ್ತರದ ಕಿರೀಟ, ಕಂಠಿ, ತೋಳಬಂದಿ, ಸೊಂಟಪಟ್ಟಿ, ನೆರಿಗೆ ನೆರಿಗೆಯ ಪಂಚೆ. ಎದೆ ಬರಿದು. ಕಲ್ಲಲ್ಲಿ ನಿಂತಿರುವುದು ದೇವರು, ಒಪ್ಪಿದೆ. ಆದರೆ ಆ ಶಿಲ್ಪಿ ಉಡುಗೆ ನೋಡಿದ್ದು ಚಾಲುಕ್ಯರ ಊರಲ್ಲೇ, ರೋಮಿಗೆ ಹೋಗಿ ಅಲ್ಲ, ಅಲ್ವಾ?

ಮೆರವಣಿಗೆ ಕಮಿಟಿಯ ಹಿರಿಯರು ಫೋಟೋ ನೋಡಿ ಗಾಬರಿಯಾದರು. ‘ಮಹಾರಾಜರನ್ನ ಬರೇ ಮೈಲೆ ನಿಂದ್ರಸೂದೇನ್ರೀ? ಮಂದಿ ಏನಂದಾರು?’

ಇಲ್ಲಿ ಒಂದು ಮಾತು. ನಮ್ಮಲ್ಲಿ ಆಯುಧದ ಚಿತ್ರಗಳಿಗೆ ಬರ ಇರಲಿಲ್ಲ. 1570ರಲ್ಲಿ ಆದಿಲ್‌ಶಾಹಿ ವಿಜಯಪುರದಲ್ಲಿ ‘ನುಜೂಮ್ ಉಲ್ ಉಲೂಮ್’ ಅಂತ ಸಚಿತ್ರ ಹಸ್ತಪ್ರತಿ ತಯಾರಾಯಿತು. ಅದರಲ್ಲಿ ಆಯುಧಗಳಿಗೂ ಜಾಗ ಇದೆ. ಈಗ ಅದು ಡಬ್ಲಿನ್‌ನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ನಮ್ಮ ಕತ್ತಿಯ ಚಿತ್ರ ಐರ್ಲೆಂಡಿಗೆ, ರೋಮಿನ ಕವಚ ನಮ್ಮ ಓಣಿಗೆ. ಲೆಕ್ಕ ಚುಕ್ತಾ.

ಮೆರವಣಿಗೆ ದಿನ ಟ್ರ್ಯಾಕ್ಟರ್ ಮೇಲೆ ಜೀವಂತ ಪುಲಿಕೇಶಿ. ನಮ್ಮ ಪಕ್ಕದ ಮನೆಯ ಹುಡುಗನೇ. ಬಾಡಿಗೆಗೆ ತಂದ ಕವಚ, ರೆಕ್ಸಿನ್ ಮೇಲೆ ಬೆಳ್ಳಿ ಬಣ್ಣ. ಏಪ್ರಿಲ್ ಬಿಸಿಲು. ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಬಣ್ಣ ಬೆವರಿನ ಜೊತೆ ಇಳಿಯತೊಡಗಿತು. ಚಹಾದಂಗಡಿ ಮುಂದೆ ಟ್ರ್ಯಾಕ್ಟರ್ ನಿಂತಿತು. ಹುಡುಗ ಶಿರಸ್ತ್ರಾಣ ಬಿಚ್ಚಿ ಬಾನೆಟ್ ಮೇಲಿಟ್ಟ. ಕವಚ ಕಳಚಿದ. ಲಂಗದ ಕೆಳಗೆ ಅವರಪ್ಪನ ಪಂಚೆ ಇತ್ತು. ಬರಿ ಎದೆ, ಕೊರಳಲ್ಲಿ ಒಂದು ಸರ, ಹೆಗಲಿಗೆ ವಲ್ಲಿ. ಒಂದು ಕಾಲು ಮುಂದಿಟ್ಟು, ಸೊಂಟಕ್ಕೆ ಕೈ ಕೊಟ್ಟು ಚಹಾ ಕುಡಿಯುತ್ತ ನಿಂತ. ಬಾದಾಮಿಯ ಕಲ್ಲೇ ಇಳಿದು ಬಂದಂತೆ ಇತ್ತು.

ಫೋಟೋ ತೆಗೆಯಲು ಮೊಬೈಲ್ ಎತ್ತಿದೆ. ಅಷ್ಟರಲ್ಲಿ ಹಿರಿಯರು ಓಡಿ ಬಂದರು. ‘ಲೇ ತಮ್ಮಾ, ಅಂಗಿ ಹಾಕ್ಕೋಳೋ! ಮಹಾರಾಜರ ಮರ್ಯಾದಿ ಕಳೀತಿಯಲ್ಲೋ!’