ಮಕ್ಕಳಿಗೆ ನನ್ನನ್ನು ತೋರಿಸಿ ಹೆದರಿಸಬೇಡಿ

ನಾನು ಇಂಗ್ಲೆಂಡಿನಲ್ಲಿ ಮಕ್ಕಳ ಸೋಷಿಯಲ್ ವರ್ಕರ್. ಮೊನ್ನೆ ಭಾನುವಾರ ಇಲ್ಲಿನ ಕನ್ನಡಿಗರೆಲ್ಲ ಸೇರಿ ಯುಗಾದಿ ಮಾಡಿದೆವು. ಊಟದ ಸಾಲಿನಲ್ಲಿ ನನ್ನ ಮುಂದೆ ಒಬ್ಬ ತಾಯಿ ಮತ್ತು ಐದಾರು ವರ್ಷದ ಮಗ. ಹುಡುಗ ಕೋಸಂಬರಿ ಬೇಡ ಅಂತ ಹಟ ಹಿಡಿದಿದ್ದ. ಆಕೆ ಹಿಂದೆ ತಿರುಗಿ ನನ್ನನ್ನು ನೋಡಿ ನಕ್ಕರು. ಆಮೇಲೆ ಮಗನಿಗೆ ಹೇಳಿದರು: "ಸುಮ್ನೆ ತಿನ್ನು. ಇಲ್ಲಾಂದ್ರೆ ಈ ಆಂಟಿ ನಿನ್ನ ಕರ್ಕೊಂಡು ಹೋಗ್ತಾರೆ. ಇವರ ಕೆಲಸಾನೇ ಅದು." ಅಕ್ಕಪಕ್ಕದವರೂ ನಕ್ಕರು. ಹುಡುಗ ಮಾತ್ರ ನಗಲಿಲ್ಲ. ಅಮ್ಮನ ನೆರಿಗೆ ಹಿಡಿದುಕೊಂಡು ನನ್ನನ್ನೇ ನೋಡ್ತಾ ನಿಂತ. ಆಮೇಲೆ ನಾನು ಕೂತ ಕಡೆ ಬರಲೇ ಇಲ್ಲ.

ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೀತಿದ್ದೇನೆ.

ಆಕೆ ಕೆಟ್ಟವರಲ್ಲ, ಅದು ನನಗೆ ಗೊತ್ತು. ನಾವು ಚಿಕ್ಕವರಿದ್ದಾಗ ನಮ್ಮನ್ನೂ ಗುಮ್ಮನ ಹೆಸರು ಹೇಳಿ ಹೆದರಿಸಿಯೇ ಊಟ ಮಾಡಿಸ್ತಿದ್ದರು. ಆದರೆ ಗುಮ್ಮ ಇರಲೇ ಇಲ್ಲ, ಯಾರಿಗೂ ನಷ್ಟ ಆಗಲಿಲ್ಲ. ನಾನು ಇದ್ದೇನೆ. ನಾಳೆ ಆ ಹುಡುಗನಿಗೆ ನಿಜವಾಗಿಯೂ ಏನೋ ಕಷ್ಟ ಬಂತು ಅಂತಿಟ್ಟುಕೊಳ್ಳಿ. ಯಾರೋ ದೊಡ್ಡವರು ಅವನ ಜೊತೆ ಮಾಡಬಾರದ್ದು ಮಾಡಿದರು. ಶಾಲೆಯಲ್ಲಿ ಟೀಚರ್ "ನಿನ್ನ ಜೊತೆ ಮಾತಾಡೋಕೆ ಸೋಷಿಯಲ್ ವರ್ಕರ್ ಬಂದಿದ್ದಾರೆ" ಅಂದರೆ ಅವನು ಬಾಯಿ ಬಿಡ್ತಾನಾ?

ಧಾರವಾಡದಲ್ಲಿ ಎಂಎಸ್‌ಡಬ್ಲ್ಯೂ (ಸೋಷಿಯಲ್ ವರ್ಕಿನ ಸ್ನಾತಕೋತ್ತರ ಪದವಿ) ಓದುವಾಗಿನಿಂದ ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಈ ಕೆಲಸಕ್ಕೆ ಆಕಸ್ಮಿಕವಾಗಿ ಬಂದವಳಲ್ಲ. ಬೆಂಗಳೂರಿನಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಬರುತ್ತಿದ್ದ ಫೋನು, ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದ ಮಕ್ಕಳು, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕಾಯುತ್ತಾ ಕೂತ ಬೆಳಗುಗಳು, ಇವೆಲ್ಲ ಆದ ಮೇಲೆಯೇ ಇಲ್ಲಿಗೆ ಬಂದದ್ದು. ಹೊರಡುವಾಗ ಅಮ್ಮ ಒಂದೇ ಮಾತು ಕೇಳಿದ್ದಳು: "ಇಷ್ಟು ಓದಿ, ಬೇರೆಯವರ ಮನೆ ಜಗಳ ಬಿಡಿಸೋಕೆ ಅಷ್ಟು ದೂರ ಹೋಗಬೇಕಾ?" ಆಗ ಉತ್ತರ ಹೊಳೆಯಲಿಲ್ಲ. ಈಗ ಇದೆ, ಮುಂದೆ ಹೇಳ್ತೀನಿ.

ಮೊದಲು ಈ "ಕರ್ಕೊಂಡು ಹೋಗ್ತಾರೆ" ಅನ್ನೋ ಮಾತು. ನನಗೆ ಯಾವ ಮಗುವನ್ನೂ ನನ್ನಿಷ್ಟಕ್ಕೆ ಕರ್ಕೊಂಡು ಹೋಗುವ ಅಧಿಕಾರ ಇಲ್ಲ. ಇಲ್ಲ ಅಂದರೆ ಇಲ್ಲ. ತಾಯ್ತಂದೆ ಒಪ್ಪಬೇಕು, ಇಲ್ಲವೇ ಕೋರ್ಟ್ ಹೇಳಬೇಕು. ತೀರಾ ತುರ್ತು ಅಪಾಯ ಇದ್ದರೆ ಪೊಲೀಸರು ಹೆಚ್ಚೆಂದರೆ 72 ಗಂಟೆ ಮಗುವನ್ನು ರಕ್ಷಣೆಯಲ್ಲಿ ಇಡಬಹುದು. ತುರ್ತು ಆದೇಶ ಬೇಕಾದರೂ ನಾವು ಕೋರ್ಟಿಗೇ ಹೋಗಬೇಕು, ಅದೂ ಮೊದಲಿಗೆ ಎಂಟು ದಿನಕ್ಕಷ್ಟೇ. ಕೇಸ್ ಮುಂದುವರಿದರೆ ತಾಯ್ತಂದೆಗೆ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ, ಅವರ ಸಂಬಳ ಎಷ್ಟೇ ಇರಲಿ. ಮಗುವಿನ ಪರವಾಗಿ, ಅದರ ಹಿತ ಏನು ಅಂತ ಕೋರ್ಟಿಗೆ ಹೇಳೋಕೆ ಬೇರೆಯೇ ಒಬ್ಬ ಗಾರ್ಡಿಯನ್, ಬೇರೆಯೇ ವಕೀಲರು. ಮಗು ಮನೆಯಲ್ಲಿ ಇರೋಕೆ ಆಗಲ್ಲ ಅಂತಾದರೂ ಮೊದಲು ಹುಡುಕುವುದು ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ ಯಾರಾದರೂ ಇದ್ದಾರಾ ಅಂತ. ಆ ದೊಡ್ಡಮ್ಮ ಭಾರತದಲ್ಲಿದ್ದರೆ ಅಲ್ಲೂ ವಿಚಾರಿಸಬಹುದು.

ಮಗುವೊಂದರ ಬಗ್ಗೆ ಚಿಂತೆ ಇದೆ ಅಂತ ನಮಗೆ ಬರುವ ರೆಫರಲ್‌ಗಳಲ್ಲಿ ಹೆಚ್ಚಿನವು ಕೋರ್ಟಿನ ಮೆಟ್ಟಿಲನ್ನೇ ಹತ್ತುವುದಿಲ್ಲ. ಇಲ್ಲಿನ 1989ರ ಮಕ್ಕಳ ಕಾಯ್ದೆಯಲ್ಲಿ 47ನೇ ಸೆಕ್ಷನ್ ಇದೆ. ಮಗುವಿಗೆ ಗಂಭೀರ ಹಾನಿ ಆಗುತ್ತಿದೆ ಅಂತ ಅನುಮಾನ ಬಂದರೆ ವಿಚಾರಣೆ ಮಾಡಲೇಬೇಕು ಅಂತ ಹೇಳೋದು ಅದು. ಎಲ್ಲರಿಗೂ ಅದರ ಭಯ. ಆದರೆ ಅದೇ ಕಾಯ್ದೆಯಲ್ಲಿ 17ನೇ ಸೆಕ್ಷನ್ನೂ ಇದೆ. ಕಷ್ಟದಲ್ಲಿರುವ ಮಗುವಿಗೆ, ಅದರ ಮನೆಯವರಿಗೆ ನೆರವು ಕೊಡಬೇಕು ಅನ್ನುತ್ತದೆ. ನನ್ನ ದಿನದ ಬಹುಪಾಲು ಇದರಲ್ಲೇ ಹೋಗುತ್ತದೆ. ಮನೆ ಬಾಡಿಗೆ, ಹಾಸಿಗೆ, ಶಾಲೆಯ ಊಟ, ಅಮ್ಮನಿಗೆ ಡಾಕ್ಟರ ಅಪಾಯಿಂಟ್‌ಮೆಂಟು. ಇದನ್ನು ಯಾರೂ ಊಟದ ಸಾಲಿನಲ್ಲಿ ಮಕ್ಕಳಿಗೆ ಹೇಳಲ್ಲ.

ಒಂದು ಏಟು ಹೊಡೆದರೆ ಎತ್ಕೊಂಡು ಹೋಗ್ತಾರಂತೆ ಅನ್ನುವುದು ಇನ್ನೊಂದು. ಸ್ಕಾಟ್ಲೆಂಡ್ 2020ರಲ್ಲಿ, ವೇಲ್ಸ್ 2022ರಲ್ಲಿ ಮಕ್ಕಳನ್ನು ಹೊಡೆಯುವುದನ್ನು ಪೂರ್ತಿ ನಿಷೇಧಿಸಿದವು. ಇಂಗ್ಲೆಂಡಿನ ಕಾನೂನು ಇನ್ನೂ ಅಷ್ಟು ದೂರ ಹೋಗಿಲ್ಲ. ಹೋಗಬೇಕು ಅನ್ನೋದು ನನ್ನ ಅಭಿಪ್ರಾಯ. ಮಕ್ಕಳಿಗೆ ಹೊಡೀಬೇಡಿ. ಆದರೆ ಒಂದು ಏಟಿಗೆ ಮಗುವನ್ನು ಕಿತ್ಕೊಳ್ತಾರೆ ಅನ್ನುವುದು ಸುಳ್ಳು. ಅದನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕುವವರು ಯಾರ ಮೇಲೆ ಅದು ಬಂದು ಬೀಳುತ್ತದೆ ಅಂತ ಯೋಚಿಸಲ್ಲ.

ಯಾರ ಮೇಲೆ ಬೀಳುತ್ತದೆ ಅಂತ ನಾನು ನೋಡಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತೇನೆ.

ಮಗು ಕ್ಲಾಸಿನಲ್ಲಿ ನಿದ್ದೆ ಹೋಗುತ್ತಿತ್ತು ಅಂತ ಶಾಲೆಯವರು ತಿಳಿಸಿದ್ದರು. ಮೊದಲ ಸಲ ಹೋದ ಸಹೋದ್ಯೋಗಿ ಹಿಂದಿ ದುಭಾಷಿಯನ್ನು ಫೋನಿನಲ್ಲಿ ಇಟ್ಟುಕೊಂಡು ಮಾತಾಡಿದ್ದಾರೆ. ಭಾರತದವರು, ಹಾಗಾದರೆ ಹಿಂದಿ ಅಂತ ಯಾರೋ ಅಂದಾಜು ಮಾಡಿದ್ದರು. ತಾಯಿ ಉತ್ತರ ಕರ್ನಾಟಕದ ಹಳ್ಳಿಯವಳು. ಕೇಳಿದ್ದಕ್ಕೆಲ್ಲ "ಹಾಂಜೀ, ಹಾಂಜೀ" ಅಂದಿದ್ದಾಳೆ. ಫೈಲಿನಲ್ಲಿ "ತಾಯಿ ಯಾವ ತೊಂದರೆಯೂ ಇಲ್ಲ ಎಂದಿದ್ದಾರೆ" ಅಂತ ದಾಖಲಾಯಿತು. ಆಮೇಲೆ ಆ ಕೇಸ್ ನನಗೆ ಬಂತು.

ಹಗಲು ಹೊತ್ತು, ಗಂಡ ಕೆಲಸಕ್ಕೆ ಹೋಗಿದ್ದ. ನಾನು ಕನ್ನಡದಲ್ಲಿ ಹೆಸರು ಹೇಳಿದೆ. ಆಕೆ ಬಾಗಿಲು ಪೂರ್ತಿ ತೆಗೆಯದೆ, "ಯಾವ ಊರಿನವ್ರಕ್ಕ ನೀವು?" ಅಂದಳು. ದಾವಣಗೆರೆ ಅಂದೆ. ಅಡುಗೆಮನೆಗೆ ಕರೆದು ಚಹಾಕ್ಕೆ ಇಟ್ಟಳು. ಹಾಲು ಉಕ್ಕಿ ಬಂತು, ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನೂ ಕೂತೆ. ಪಾಸ್‌ಪೋರ್ಟು ಗಂಡನ ಬೀರುವಿನಲ್ಲಿ, ಬೀಗದ ಕೈ ಅವನ ಜೇಬಿನಲ್ಲಿ. ಬ್ಯಾಂಕಿನ ಕಾರ್ಡು ಇಲ್ಲ. ಊರಿಗೆ ಫೋನ್ ಮಾಡುವಾಗ ಅವನು ಪಕ್ಕದಲ್ಲೇ ಕೂರಬೇಕು. ರಾತ್ರಿ ಅವನು ಕೂಗಾಡಿ ಕೈ ಎತ್ತುವಾಗ ಮಗು ಮಂಚದ ಕೆಳಗೆ ಹೋಗಿ ಮಲಗುತ್ತಿತ್ತು. ಕ್ಲಾಸಿನ ನಿದ್ದೆಗೆ ಕಾರಣ ಅದು.

"ಯಾರಿಗಾದರೂ ಹೇಳಬಹುದಿತ್ತಲ್ಲಮ್ಮ?" ಅಂತ ಕೇಳಿದೆ.

"ಹೇಳಿದ್ರ ಮಗೂನ ಕರ್ಕೊಂಡು ಹೋಗ್ತಾರ ಅಂದಿದ್ರು" ಅಂದಳು. ಗಂಡ ಹೇಳಿದ್ದ. ಗಂಡನ ಗೆಳೆಯರ ಹೆಂಡತಿಯರೂ ಹೇಳಿದ್ದರು. ಯಾವುದೋ ಹಬ್ಬದ ಊಟದಲ್ಲಿ.

ಅರ್ಥ ಆಯ್ತಲ್ವಾ ನನಗೆ ಭಾನುವಾರ ಯಾಕೆ ಅಷ್ಟು ಸಿಟ್ಟು ಬಂತು ಅಂತ? ಅದೇ ಮಾತು. ಆ ಮನೆಯಲ್ಲಿ ಗಂಡ ಅವಳ ಬಾಯಿ ಮುಚ್ಚಿಸೋಕೆ ಬಳಸಿದ್ದು ಅದನ್ನೇ. ನಾವು ತಮಾಷೆಗೆ ಹೇಳೋದನ್ನು ಅವನು ಬೀಗದ ಹಾಗೆ ಬಳಸಿದ.

ಆಕೆಗೆ ಗೊತ್ತಿಲ್ಲದೇ ಇದ್ದದ್ದು ಎಷ್ಟೋ ಇತ್ತು. ತಾಯಿಗೆ ಬೀಳುವ ಹೊಡೆತ ನೋಡುವ, ಕೇಳುವ ಮಗುವೂ ಕಾನೂನಿನ ಕಣ್ಣಿನಲ್ಲಿ ಸಂತ್ರಸ್ತ. ಇಲ್ಲಿನ 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹಾಗೆ ಹೇಳುತ್ತದೆ. ವೀಸಾದಲ್ಲಿ ಸರ್ಕಾರಿ ಸವಲತ್ತು ಇಲ್ಲ ಅಂತ ಬರೆದಿದ್ದರೂ 17ನೇ ಸೆಕ್ಷನ್ ಅಡಿಯಲ್ಲಿ ಆ ಮಗುವಿಗೆ, ಮಗುವಿನ ಜೊತೆ ತಾಯಿಗೆ ಸೂರು ಮತ್ತು ಊಟಕ್ಕೆ ನೆರವು ಕೊಡಲು ದಾರಿ ಇದೆ. ಮುಂದೆ ಏನೇನಾಯಿತು ಅಂತ ಬರೆಯುವಂತಿಲ್ಲ. ತಾಯಿ ಮಗು ಒಟ್ಟಿಗೇ ಇದ್ದಾರೆ, ಅಷ್ಟು ಹೇಳಬಹುದು.

ಈಗ ಕೆಲವರು ನಾರ್ವೆ ಅಂತಾರೆ. ನನಗೆ ಗೊತ್ತು, ಕಮೆಂಟಿನಲ್ಲಿ ಮೊದಲು ಬರೋದು ಅದೇ. 2011ರಲ್ಲಿ ಅಲ್ಲಿನ ಸ್ತಾವಂಗರ್‌ನಲ್ಲಿ ಬಂಗಾಳಿ ದಂಪತಿಯ ಇಬ್ಬರು ಮಕ್ಕಳನ್ನು ಮಕ್ಕಳ ಇಲಾಖೆ ಕರೆದೊಯ್ದಿತು. ಕೈತುತ್ತು ಕೊಟ್ಟಿದ್ದಕ್ಕೆ, ಮಗುವನ್ನು ಪಕ್ಕದಲ್ಲಿ ಮಲಗಿಸಿದ್ದಕ್ಕೆ ಹೀಗೆ ಮಾಡಿದರು ಅಂತ ಮನೆಯವರು ಹೇಳಿದರು. ನಮ್ಮ ಸರ್ಕಾರವೇ ಮಧ್ಯೆ ಬಂದು, 2012ರಲ್ಲಿ ಮಕ್ಕಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಭಾರತಕ್ಕೆ ಕಳಿಸಿದರು. 2021ರಲ್ಲಿ ಬರ್ಲಿನ್‌ನಲ್ಲಿ ಗುಜರಾತಿ ದಂಪತಿಯ ಪುಟ್ಟ ಮಗುವಿನ ವಿಷಯವೂ ಹೀಗೇ ಸುದ್ದಿಯಾಯಿತು. ಆ ತಾಯಂದಿರ ಸಂಕಟ ನೋಡಿ ನನಗೂ ಹೊಟ್ಟೆ ಕಿವುಚುತ್ತದೆ. ಮಕ್ಕಳ ವಿಚಾರದಲ್ಲಿ ನಾರ್ವೆ ಕುಟುಂಬಗಳ ಹಕ್ಕನ್ನು ಮೀರಿದೆ ಅಂತ ಯುರೋಪಿನ ಮಾನವ ಹಕ್ಕುಗಳ ಕೋರ್ಟೇ ಒಂದಕ್ಕಿಂತ ಹೆಚ್ಚು ಸಲ ಹೇಳಿದೆ. ಇಲಾಖೆಗಳು ತಪ್ಪು ಮಾಡುತ್ತವೆ, ಒಪ್ಪಿದೆ.

ಆದರೆ ಅದರಿಂದ ಏನು ಕಲಿಯಬೇಕು? ಮುಚ್ಚಿಡಬೇಕು ಅಂತಾನಾ? ನಮ್ಮ ಮನೆಯೊಳಗಿನ ಮಾತು ಗೊತ್ತಿರುವವರು ಆ ಕಚೇರಿಗಳ ಒಳಗೆ ಇರಬೇಕು ಅಂತ ಯಾಕೆ ಯಾರಿಗೂ ಅನಿಸಲ್ಲ? ಕೈತುತ್ತು ಅಂದರೇನು ಅಂತ ಆ ಟೇಬಲ್ಲಿನ ಸುತ್ತ ಕೂತ ಒಬ್ಬರಿಗಾದರೂ ಗೊತ್ತಿರಬೇಕು. ಹಾಗೇ, ಹೊಡೆತವನ್ನು ಸಂಸ್ಕೃತಿ ಅಂತ ಯಾರಾದರೂ ಸಮರ್ಥಿಸಿದರೆ ಅದನ್ನು ಅಲ್ಲ ಅನ್ನೋಕೂ ಒಬ್ಬರು ಬೇಕು.

ಹಾಗೆ ಅಲ್ಲ ಅನ್ನುವವರು ಇಲ್ಲದಿದ್ದರೆ ಅದು ಎಷ್ಟು ದುಬಾರಿ ಅಂತ ಇಲ್ಲಿ ಸೋಷಿಯಲ್ ವರ್ಕ್ ಮಾಡುವ ಎಲ್ಲರಿಗೂ ಗೊತ್ತು. ವಿಕ್ಟೋರಿಯಾ ಕ್ಲಿಂಬಿಯೆ ಐವರಿ ಕೋಸ್ಟಿನಿಂದ ಬಂದ ಎಂಟು ವರ್ಷದ ಹುಡುಗಿ. ಲಂಡನ್ನಿನಲ್ಲಿ ಅಜ್ಜಿಯ ವರಸೆಯ ಹೆಂಗಸಿನ ಮನೆಯಲ್ಲಿದ್ದಳು. 2000ದ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವಳ ಮೈಮೇಲೆ 128 ಗಾಯದ ಗುರುತುಗಳಿದ್ದವು. ಲಾರ್ಡ್ ಲ್ಯಾಮಿಂಗ್ ನಡೆಸಿದ ವಿಚಾರಣೆಯ ವರದಿ 2003ರಲ್ಲಿ ಬಂತು. ಆ ಮಗು ಮನೆಯ ದೊಡ್ಡವರ ಮುಂದೆ ಸೆಟೆದು ನಿಲ್ಲುತ್ತಿತ್ತಂತೆ. ಅದು ಆ ಜನರಲ್ಲಿ ಹಿರಿಯರಿಗೆ ಕೊಡುವ ಗೌರವ ಅಂತ ನೋಡಿದವರು ಅಂದುಕೊಂಡರು. ಅದು ಹೆದರಿಕೆಯಾಗಿತ್ತು. ಅವರ ಪದ್ಧತಿ, ನಾವು ಯಾಕೆ ತಲೆ ಹಾಕೋದು ಅಂತ ಯಾರಾದರೂ ಅಂದಾಗಲೆಲ್ಲ ನನಗೆ ಆ ಹುಡುಗಿ ನಿಂತ ರೀತಿ ಕಣ್ಣಿಗೆ ಬರುತ್ತದೆ.

ಇಂಗ್ಲೆಂಡಿನಲ್ಲಿ ಸರ್ಕಾರದ ಆರೈಕೆಯಲ್ಲಿರುವ ಮಕ್ಕಳ ಪೈಕಿ ಏಷ್ಯಾ ಮೂಲದವರು, ಜನಸಂಖ್ಯೆಯಲ್ಲಿ ಅವರ ಪಾಲು ನೋಡಿದರೆ, ಕಡಿಮೆಯೇ ಇದ್ದಾರೆ. ನಮ್ಮವರ ಮನೆಗಳು ಚೆನ್ನಾಗಿವೆ ಅಂತ ಹೆಮ್ಮೆ ಪಡಬಹುದು. ಎಷ್ಟೋ ಮನೆಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಬಾಗಿಲ ಸಂದಿಯಿಂದ ಯಾವ ಊರು ಅಂತ ಕೇಳಿದ ಆ ಹೆಂಗಸಿನ ಹಾಗೆ ಇನ್ನೆಷ್ಟು ಜನ ಬಾಯಿ ಮುಚ್ಚಿಕೊಂಡು ಕೂತಿದ್ದಾರೆ ಅನ್ನೋ ಯೋಚನೆಗೆ ರಾತ್ರಿ ನಿದ್ದೆ ಬರಲ್ಲ. ಅಮ್ಮನಿಗೆ ಈಗ ಕೊಡುವ ಉತ್ತರ ಇದು: ಹೌದಮ್ಮ, ಇಷ್ಟು ದೂರ ಬರಬೇಕಿತ್ತು. ನಮ್ಮವರೂ ಇಷ್ಟು ದೂರ ಬಂದಿದ್ದಾರೆ, ಅವರ ಕಷ್ಟವೂ ಜೊತೆಗೇ ಬಂದಿದೆ.

ನನ್ನ ಆಫೀಸಿನಲ್ಲಿ ಜಿಂಬಾಬ್ವೆಯವರಿದ್ದಾರೆ, ನೈಜೀರಿಯಾದವರಿದ್ದಾರೆ, ಕೇರಳದವರಿದ್ದಾರೆ. ಕನ್ನಡದವಳು ನಾನೊಬ್ಬಳೇ. ಇಂಜಿನಿಯರುಗಳು, ಡಾಕ್ಟರುಗಳು ಬೇಕಾದಷ್ಟು ಬರುತ್ತಾರೆ, ಊರಿನಲ್ಲಿ ಅವರಿಗೆ ಹಾರ ಹಾಕುತ್ತಾರೆ. ಮಗಳು ಸೋಷಿಯಲ್ ವರ್ಕಿಗೆ ಹೊರಗೆ ಹೋಗ್ತೀನಿ ಅಂದರೆ "ಅಲ್ಲಿ ಹೋಗಿ ಮಕ್ಕಳನ್ನು ಹಿಡಿಯೋ ಕೆಲಸಾನಾ?" ಅಂತಾರೆ. ಹೀಗಾದರೆ ಯಾರು ಬರ್ತಾರೆ?

ಬರುವವರಿದ್ದರೆ ನನಗೆ ಗೊತ್ತಿರೋದನ್ನು ಹೇಳ್ತೀನಿ. ಭಾರತದಲ್ಲಿ ಎಲ್ಲ ಸೋಷಿಯಲ್ ವರ್ಕರುಗಳೂ ನೋಂದಾಯಿಸಿಕೊಳ್ಳಲೇಬೇಕು ಅನ್ನುವ ಕಾನೂನು ಇಲ್ಲ. ಇಲ್ಲಿ ನೋಂದಣಿ ಇಲ್ಲದೆ ಆ ಹೆಸರು ಹಾಕಿಕೊಂಡರೆ ಅಪರಾಧ. ಇಂಗ್ಲೆಂಡಿನಲ್ಲಿ 2019ರ ಡಿಸೆಂಬರಿನಿಂದ ಸೋಷಿಯಲ್ ವರ್ಕ್ ಇಂಗ್ಲೆಂಡ್ ಅನ್ನುವ ಸಂಸ್ಥೆ ನೋಂದಣಿ ನೋಡಿಕೊಳ್ಳುತ್ತದೆ. ವರ್ಷವರ್ಷ ನವೀಕರಿಸಬೇಕು, ಆ ವರ್ಷ ಏನು ಕಲಿತೆವು ಅಂತ ಬರೆದು ತೋರಿಸಬೇಕು. ಕೆಲಸ ಸುಲಭ ಅಲ್ಲ. ಕೇಸುಗಳು ಜಾಸ್ತಿ, ಬರವಣಿಗೆ ಅದಕ್ಕಿಂತ ಜಾಸ್ತಿ. ಎಷ್ಟೋ ಸಂಜೆ ಕಾರು ಮನೆ ಮುಂದೆ ನಿಲ್ಲಿಸಿ, ಒಳಗೇ ಕೂತು ಅತ್ತಿದ್ದೇನೆ. ಆದರೂ ಇಲ್ಲಿ ನಾನು ಬರೆದ ಅಭಿಪ್ರಾಯಕ್ಕೆ ಕೋರ್ಟಿನಲ್ಲಿ ಬೆಲೆ ಇದೆ. ಊರಲ್ಲಿ ಅದು ಸಿಗಲಿಲ್ಲ ಅನ್ನೋ ನೋವು ನನಗೆ ಇವತ್ತಿಗೂ ಇದೆ.

ಏಜೆಂಟರನ್ನು ನಂಬಬೇಡಿ. ವೃದ್ಧರನ್ನು ನೋಡಿಕೊಳ್ಳುವ ಕೇರ್ ವರ್ಕರ್ ಕೆಲಸವೇ ಬೇರೆ, ಇದೇ ಬೇರೆ. ಆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ತೆಗೆದುಕೊಳ್ಳುವುದನ್ನು 2025ರ ಜುಲೈನಲ್ಲಿ ನಿಲ್ಲಿಸಿದ್ದಾರೆ. ಆದರೂ ಆ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರು ಸಿಕ್ಕೇ ಸಿಗುತ್ತಾರೆ. ಒಂದು ರೂಪಾಯಿ ಕೊಡಬೇಡಿ.

ಕಳೆದ ವಾರ ಇನ್‌ಬಾಕ್ಸಿನಲ್ಲಿ ಕೇಳಿದ್ದ ಎಂಎಸ್‌ಡಬ್ಲ್ಯೂ ಹುಡುಗಿಯರೇ, ಊರು ಬಿಡುವ ಮೊದಲು ಯೂನಿವರ್ಸಿಟಿಯಿಂದ ಅಂಕಪಟ್ಟಿ, ಸಿಲಬಸ್, ಫೀಲ್ಡ್ ವರ್ಕ್ ಎಷ್ಟು ಗಂಟೆ, ಎಲ್ಲಿ, ಯಾರ ಕೈಕೆಳಗೆ ಮಾಡಿದಿರಿ ಅನ್ನುವ ಪತ್ರ, ಎಲ್ಲವನ್ನೂ ಸಹಿ ಸೀಲು ಹಾಕಿಸಿ ಇಟ್ಟುಕೊಳ್ಳಿ. ಇಲ್ಲಿಂದ ಫೋನು ಮಾಡಿ ತರಿಸೋದು ಕಷ್ಟ. ಕಾರು ಓಡಿಸೋದು ಈಗಲೇ ಕಲಿಯಿರಿ. ಭಾರತದ ಲೈಸೆನ್ಸ್ ಇಲ್ಲಿ 12 ತಿಂಗಳು ನಡೆಯುತ್ತದೆ, ಅಷ್ಟರಲ್ಲಿ ಇಲ್ಲಿನದು ಮಾಡಿಸಬೇಕು. ಶನಿವಾರ ಸಂಜೆ ನಾನು ಮನೆಯಲ್ಲೇ ಇರುತ್ತೇನೆ, ಫೋನ್ ಮಾಡಿ. ಅಪ್ಪ ಅಮ್ಮನಿಗೆ ಏನಾದರೂ ಕೇಳೋದಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರ ಹತ್ತಿರವೂ ಮಾತಾಡ್ತೀನಿ.