ಬೆಂಗಳೂರಲ್ಲಿ ನೀರು 97ಕ್ಕೇ ಕುದಿಯುತ್ತದೆ, ರೆಕಾರ್ಡ್‌ನಲ್ಲಿ ಮಾತ್ರ 100

ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಲ್ಯಾಬ್‌ನಲ್ಲಿ ಥರ್ಮಾಮೀಟರ್ ಹಿಡಿದ ಮಕ್ಕಳ ಕಣ್ಣಿಗೂ ಅದೇ ಕಾಣುತ್ತದೆ. ಆದರೆ ಅವರು ಪ್ರಯೋಗ ಬರೆದಿಡುವ ರೆಕಾರ್ಡ್ ಬುಕ್‌ಗಳಲ್ಲಿ, ನಾನು ನೋಡಿದವುಗಳಲ್ಲೆಲ್ಲ, ಇರುವುದು ದುಂಡಗಿನ 100! ಪುಸ್ತಕದಲ್ಲಿ ಹಾಗಿದೆ ಅಲ್ವಾ, ಥರ್ಮಾಮೀಟರೇ ಸರಿ ಇಲ್ಲ ಅಂದುಕೊಂಡು ಬರೆದುಬಿಡುತ್ತಾರೆ. ಕಣ್ಣೆದುರಿಗೇ ಇದ್ದ ಒಂದು ಒಳ್ಳೆಯ ಪಾಠ ಹಾಗೇ ಕೈತಪ್ಪಿ ಹೋಯಿತು.

ಇದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಉತ್ತರ ಮೊದಲೇ ಗೊತ್ತಿದ್ದರೆ ಯಾರಾದರೂ ರೀಡಿಂಗ್ ಹೊಂದಿಸುತ್ತಾರೆ.

ನಮ್ಮ ಬಿಲ್ಡಿಂಗಿನ ಒಬ್ಬಳು ಪಿಯುಸಿ ಹುಡುಗಿಗೆ ಲೋಲಕದ ಪ್ರಯೋಗದಲ್ಲಿ ಜಿ (ಗುರುತ್ವ ವೇಗೋತ್ಕರ್ಷ) ಬೆಲೆ 10.8 ಬಂದಿತ್ತು. ಬರಬೇಕಾದ್ದು 9.8ರ ಆಸುಪಾಸು. ಗೆಳತಿಯರು ಕೊಟ್ಟ ಸಲಹೆ ಏನು ಗೊತ್ತಾ? ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಸಮಯ ಬರ್ಕೋ. ನಾನು, ಇರು, ಇನ್ನೊಂದ್ಸಲ ಮಾಡು ನೋಡೋಣ ಅಂದೆ. ಕಿಟಕಿ ಗ್ರಿಲ್‌ಗೆ ಒಂದು ಮೀಟರ್ ದಾರ, ತುದಿಗೆ ಒಂದು ದಪ್ಪ ನಟ್ಟು, ಕೈಯಲ್ಲಿ ಮೊಬೈಲ್ ಸ್ಟಾಪ್‌ವಾಚ್. ಅವಳು ಸ್ಟಾರ್ಟ್ ಒತ್ತುತ್ತಲೇ 'ಒಂದು' ಅಂದಳು. ಸಿಕ್ಕಿತಲ್ಲ! ಒತ್ತುವಾಗ 'ಸೊನ್ನೆ' ಅನ್ನಬೇಕು. ಅವಳು 20 ಅಂತ ನಿಲ್ಲಿಸಿದಾಗ ನಿಜವಾಗಿ ಆಗಿದ್ದು 19 ಆಂದೋಲನ, ಅಂದರೆ ನಟ್ಟು ಹೋಗಿ ಬಂದಿದ್ದು 19 ಸಲ. 40 ಸೆಕೆಂಡ್ ಆಗಬೇಕಿದ್ದಲ್ಲಿ 38 ಬಂತು. ಸೂತ್ರದಲ್ಲಿ ಸಮಯಕ್ಕೆ ವರ್ಗ ಇದೆ, ಅದಕ್ಕೇ ಸಮಯದ 5 ಪರ್ಸೆಂಟ್ ತಪ್ಪು ಜಿ ಬೆಲೆಗೆ ಬರುವಷ್ಟರಲ್ಲಿ 10 ಪರ್ಸೆಂಟ್ ದಾಟುತ್ತದೆ. 9.78 ಇದ್ದದ್ದು 10.8 ಆಗೋದು ಹೀಗೆ. ಅದೇ ನೀವು ಉದ್ದ ಅಳೆಯುವಾಗ ಗುಂಡಿನ ಮಧ್ಯದವರೆಗೆ ಅಳೆಯದೆ ದಾರದ ತುದಿಗೇ ನಿಲ್ಲಿಸಿದರೆ ಬೆಲೆ ಕಡಿಮೆ ಬರುತ್ತದೆ. ಉತ್ತರ ಜಾಸ್ತಿ ಬಂತೋ ಕಡಿಮೆ ಬಂತೋ ನೋಡಿದರೇ ಎಲ್ಲಿ ಎಡವಿದ್ದು ಅಂತ ಅರ್ಧ ಗೊತ್ತಾಗುತ್ತದೆ. 9.8 ಅಂತ ಸುಮ್ನೆ ಬರೆದುಕೊಂಡರೆ ಇದ್ಯಾವುದೂ ಇಲ್ಲ.

ಕೆಮಿಸ್ಟ್ರಿಯಲ್ಲೂ ಇದೇ ಕಥೆ. ಪರ್ಮಾಂಗನೇಟ್ ಟೈಟ್ರೇಶನ್ (ಹನಿ ಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ) ಮಾಡಿದವರಿಗೆ ಗೊತ್ತು. ಬಿಸಿ ಮಾಡಿದ ಆಕ್ಸಾಲಿಕ್ ಆಮ್ಲಕ್ಕೆ ನೇರಳೆ ಹನಿ ಬೀಳುತ್ತದೆ, ಮೊದಲ ಹನಿಗಳು ಬಣ್ಣ ಕಳೆದುಕೊಳ್ಳಲು ಸತಾಯಿಸುತ್ತವೆ, ಆಮೇಲೆ ಸರಸರ ಮಾಯ, ಕೊನೆಗೆ ತಿಳಿ ಗುಲಾಬಿ ಬಣ್ಣ ನಿಲ್ಲುತ್ತದೆ. ಕೆಲವರ ಫ್ಲಾಸ್ಕ್‌ನಲ್ಲಿ ಮಾತ್ರ ಕಂದು ಬಗ್ಗಡ. ಗಂಧಕಾಮ್ಲ ಸಾಲದೆ ಹೋದರೆ ಕ್ರಿಯೆ ಮ್ಯಾಂಗನೀಸ್ ಡೈಆಕ್ಸೈಡ್‌ನಲ್ಲೇ ನಿಂತುಬಿಡುತ್ತದೆ, ಅದೇ ಆ ಕಂದು. ಈ ಕ್ರಿಯೆಗೆ ಆಮ್ಲ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೋರ್ಡ್ ಮೇಲೆ ಸಿಗಲ್ಲ. ಆದರೆ ನಮ್ಮ ಮಕ್ಕಳು ಅದನ್ನು ಗಾಬರಿಯಿಂದ ಸಿಂಕ್‌ಗೆ ಸುರಿದು ಪಕ್ಕದವರ ರೀಡಿಂಗ್ ಬರೆದುಕೊಳ್ಳುತ್ತಾರೆ.

ಹಾಗಂತ ಎಲ್ಲ ತಪ್ಪನ್ನೂ ಮಾಡಿ ಕಲಿ ಅನ್ನಕ್ಕಾಗಲ್ಲ. ಗಾಢ ಗಂಧಕಾಮ್ಲಕ್ಕೆ ನೀರು ಹಾಕಬಾರದು, ನೀರಿಗೇ ಆಮ್ಲವನ್ನು ಸ್ವಲ್ಪ ಸ್ವಲ್ಪ ಹಾಕಬೇಕು. ಇದನ್ನು ಬೈದಾದರೂ ಮೊದಲೇ ಹೇಳಿಕೊಡಿ.

ಲಾರ್ಡ್ ರೇಲಿ ಅಂತ ಒಬ್ಬ ಇಂಗ್ಲಿಷ್ ವಿಜ್ಞಾನಿ ಇದ್ದರು. ಗಾಳಿಯಿಂದ ತೆಗೆದ ಸಾರಜನಕ, ಅಮೋನಿಯಾ ಬಳಸಿ ತೆಗೆದ ಸಾರಜನಕಕ್ಕಿಂತ ಸುಮಾರು ಸಾವಿರದಲ್ಲಿ ಒಂದು ಪಾಲು ಹೆಚ್ಚು ಭಾರ ಬಂತು. ನಮ್ಮ ಲ್ಯಾಬ್‌ನಲ್ಲಾದರೆ ಅಷ್ಟಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆತ 1892ರಲ್ಲಿ ನೇಚರ್ ಪತ್ರಿಕೆಗೆ ಪತ್ರ ಬರೆದು, ನನಗೆ ಇದು ಅರ್ಥವಾಗುತ್ತಿಲ್ಲ, ಯಾರಿಗಾದರೂ ಹೊಳೆದರೆ ಹೇಳಿ ಎಂದು ಕೇಳಿದರು. 1894ರಲ್ಲಿ ಅವರು ಮತ್ತು ರಸಾಯನ ವಿಜ್ಞಾನಿ ರಾಮ್ಸೇ ಸೇರಿ ಕಂಡುಹಿಡಿದದ್ದು ಗಾಳಿಯಲ್ಲೇ ಅಡಗಿದ್ದ ಆರ್ಗಾನ್ ಅನಿಲ. ಆ ಹೆಚ್ಚಿನ ಭಾರ ಅದರದ್ದೇ.

ನಮ್ಮಲ್ಲಿ ಪಿಯು ಸೈನ್ಸ್ ಪ್ರಾಕ್ಟಿಕಲ್‌ಗೆ 30 ಮಾರ್ಕ್ಸ್ ಇದೆ. ಅದರಲ್ಲಿ ಐದನ್ನು ತೆಗೆದಿಟ್ಟು, ಬಂದ ಬೆಲೆ ಯಾಕೆ ಹೀಗೆ ಬಂತು ಅಂತ ನಾಲ್ಕು ಸಾಲು ಬರೆದವರಿಗೆ ಕೊಡಿ. ಬೆಲೆ ಎಷ್ಟಾದರೂ ಇರಲಿ. ಒಬ್ಬ ಲೆಕ್ಚರರ್ ಗೆಳೆಯನಿಗೆ ಇದನ್ನು ಹೇಳಿದರೆ, ಆ ನಾಲ್ಕು ಸಾಲಿಗೂ ಮುಂದಿನ ವರ್ಷ ಗೈಡ್ ಬರುತ್ತದೆ ಮಾರಾಯ ಎಂದ. ಬರಲಿ ಬಿಡಿ, ಆ ಗೈಡ್ ಓದಿದವರಾದರೂ ಸೊನ್ನೆಯಿಂದ ಎಣಿಸುತ್ತಾರೆ.