ಸತ್ಯಾಂಶ: ಸ್ಕಾಪಾ ಫ್ಲೋದಲ್ಲಿ ಹಡಗು ಮುಳುಗಿಸಿದ್ದು ಯಾರು?

‘ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ನಡುವೆ, ಸ್ಕಾಪಾ ಫ್ಲೋದಲ್ಲಿ, ಬ್ರಿಟಿಷರು ಒಂದೇ ಕದನದಲ್ಲಿ ಜರ್ಮನಿಯ ನೌಕಾಪಡೆಯನ್ನೇ ಮುಳುಗಿಸಿದರು.’ ಇಂಥ ಮೆಸೇಜ್ ನಿಮಗೂ ಬಂದಿರಬಹುದು. ಇದು ತಪ್ಪು.

ಅಲ್ಲಿ ಅಂಥ ಕದನವೇ ನಡೆದಿಲ್ಲ. ಮೊದಲನೇ ಮಹಾಯುದ್ಧದಲ್ಲಿ 1918ರ ನವೆಂಬರಿನಲ್ಲಿ ಕದನವಿರಾಮ ಆದ ಮೇಲೆ ಜರ್ಮನಿಯ 74 ಹಡಗುಗಳನ್ನು ತಂದು ಅಲ್ಲಿ ನಿಲ್ಲಿಸಿದ್ದರು. ಒಳಗೆ ಇದ್ದವರು ಜರ್ಮನ್ ನಾವಿಕರೇ. ತಿಂಗಳುಗಟ್ಟಲೆ ಕಾದರು. ಹಡಗುಗಳು ಇನ್ನೇನು ಬ್ರಿಟಿಷರ ಪಾಲಾಗುತ್ತವೆ ಅಂತ ಅವರ ಅಡ್ಮಿರಲ್ ಲುಡ್ವಿಗ್ ಫಾನ್ ರಾಯ್ಟರ್‌ಗೆ ಅನಿಸಿತು. 1919ರ ಜೂನ್ 21ರ ಬೆಳಿಗ್ಗೆ ಅವರು ಬಾವುಟದ ಸಂಕೇತ ಕೊಟ್ಟರು. ನಾವಿಕರು ತಳದ ವಾಲ್ವ್‌ಗಳನ್ನು ತೆರೆದರು. ನೀರು ನುಗ್ಗಿತು.

ಅದೇ ಹೊತ್ತಿಗೆ ಶಾಲೆ ಮಕ್ಕಳು ದೋಣಿಯಲ್ಲಿ ಪ್ರವಾಸ ಬಂದಿದ್ದರು. ಅಷ್ಟು ದೊಡ್ಡ ಹಡಗುಗಳು ಒಂದೊಂದಾಗಿ ವಾಲಿ ಮುಳುಗಿದ್ದನ್ನು ಆ ಮಕ್ಕಳು ಕಣ್ಣಾರೆ ಕಂಡರು. ಸಂಜೆಯೊಳಗೆ 52 ಹಡಗುಗಳು ಮುಳುಗಿದ್ದವು.

ತಡೆಯಲು ಬಂದ ಬ್ರಿಟಿಷರು ಗುಂಡು ಹಾರಿಸಿದರು. 9 ಜರ್ಮನ್ನರು ಸತ್ತರು, ಅದೂ ಕದನ ನಿಂತು ಏಳು ತಿಂಗಳಾದ ಮೇಲೆ. ಫಾರ್ವರ್ಡ್‌ನಲ್ಲಿ ಇವರ ಮಾತೇ ಇಲ್ಲ. ನನಗೆ ಜಾಸ್ತಿ ಬೇಸರ ಆಗಿದ್ದು ಅದಕ್ಕೇ.

ಆಮೇಲೆ ಬಹುಪಾಲು ಹಡಗುಗಳನ್ನು ಮೇಲೆತ್ತಿ ಗುಜರಿಗೆ ಹಾಕಿದರು. 7 ಹಡಗುಗಳು ಈಗಲೂ ತಳದಲ್ಲಿವೆ. ಡೈವರ್‌ಗಳು ಇಳಿದು ನೋಡಬಹುದು, ಆದರೆ ಅವು ಸಂರಕ್ಷಿತ ಸ್ಮಾರಕಗಳು, ಏನನ್ನೂ ಕಿತ್ತು ತರುವಂತಿಲ್ಲ.